ಎಂಜಿನ್‌ನ ಮಸಿಯೋ, ಎಥೆನಾಲ್‌ನ ಲೆಕ್ಕವೋ?

ಮೈಲೇಜ್ ಕಡಿಮೆಯಾಗಿದೆ, ಪಿಕಪ್ ಇಲ್ಲ ಎಂಬ ದೂರು ಹೊತ್ತು ಸರ್ವೀಸ್ ಸೆಂಟರ್‌ನ ಮೆಟ್ಟಿಲೇರುವ ಕಾರು ಮಾಲೀಕರಿಗೆ ಈಗ ಸಿದ್ಧ ಉತ್ತರವೊಂದು ಕಾದಿರುತ್ತದೆ. ‘ಎಂಜಿನ್‌ನಲ್ಲಿ ಕಾರ್ಬನ್ ಕಟ್ಟಿದೆ ಸಾರ್, ಫ್ಯೂಯೆಲ್ ಸಿಸ್ಟಂ ಕ್ಲೀನಿಂಗ್ ಮಾಡಿಸಿಬಿಡಿ.’ ಬಾನೆಟ್ ಎತ್ತಿ ನೋಡುವ ಮೊದಲೇ ಎಸ್ಟಿಮೇಟ್ ಹಾಳೆಯಲ್ಲಿ ಆ ಸಾಲು ಅಚ್ಚಾಗಿರುವುದೂ ಉಂಟು. ಪೆಟ್ರೋಲ್ ಟ್ಯಾಂಕ್‌ಗೆ ಸುರಿಯುವ ಒಂದು ಬಾಟಲಿಯಿಂದ ಹಿಡಿದು, ಜಲಜನಕದ ಯಂತ್ರ ಹಚ್ಚಿ ಮುಕ್ಕಾಲು ಗಂಟೆ ಎಂಜಿನ್ ಓಡಿಸುವವರೆಗೆ ಈ ‘ಕ್ಲೀನಿಂಗ್’ಗೆ ಹಲವು ರೂಪಗಳಿವೆ. ಬಿಲ್ ಕೆಲವು ನೂರು ರೂಪಾಯಿಯಿಂದ ಕೆಲವು ಸಾವಿರದವರೆಗೆ ಏರುತ್ತದೆ.

ಇದು ಗ್ಯಾರೇಜ್‌ನೊಳಗಿನ ಮಾತಷ್ಟೇ ಆಗಿದ್ದರೆ ವಿಶ್ಲೇಷಣೆಯ ಪುಟದಲ್ಲಿ ಇದಕ್ಕೆ ಜಾಗ ಬೇಕಿರಲಿಲ್ಲ. ಆದರೆ 2025ರಲ್ಲಿ ದೇಶದ ಪೆಟ್ರೋಲ್ ಬಂಕ್‌ಗಳಲ್ಲಿ ಶೇ.20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ ಸರ್ವವ್ಯಾಪಿಯಾಯಿತು. ಆ ವರ್ಷದ ಆಗಸ್ಟ್ ಹೊತ್ತಿಗೆ ಮೈಲೇಜ್ ಕುಸಿತದ ದೂರು ಮನೆಮಾತಾಯಿತು. ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ಎಥೆನಾಲ್ ಬೆರೆಸದ ಪೆಟ್ರೋಲ್ ಕೊಳ್ಳುವ ಆಯ್ಕೆಯೂ ಗ್ರಾಹಕನಿಗೆ ಇರಬೇಕೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ವಜಾ ಮಾಡಿತು. ನ್ಯಾಯಾಲಯದ ಬಾಗಿಲು ಮುಚ್ಚಿದ ಮೇಲೆ ವಾಹನ ಮಾಲೀಕನಿಗೆ ತೆರೆದಿರುವ ಬಾಗಿಲು ಸರ್ವೀಸ್ ಸೆಂಟರ್‌ನದು ಮಾತ್ರ. ಅಲ್ಲಿ ಅವನಿಗೆ ಮಾರಾಟವಾಗುತ್ತಿರುವುದು ಮಸಿ ತೊಳೆಯುವ ದ್ರಾವಣ.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಬಿಲ್‌ನಲ್ಲಿ ಸೇರಿಹೋಗಿವೆ. ಎಂಜಿನ್‌ನಲ್ಲಿ ಮಸಿ ಕಟ್ಟುವುದು ನಿಜ. ಇ20 ಇಂಧನದಿಂದ ಮೈಲೇಜ್ ಕಡಿಮೆಯಾಗುವುದೂ ನಿಜ. ಆದರೆ ಎರಡನೆಯದನ್ನು ಮೊದಲನೆಯದರ ಹೆಸರಿನಲ್ಲಿ ತೊಳೆಯಲು ಹೊರಟರೆ ತೊಳೆದುಹೋಗುವುದು ಗ್ರಾಹಕನ ಜೇಬು.

<b>ಮಸಿ ಎಲ್ಲಿಂದ ಬರುತ್ತದೆ?</b>

ಹಳೆಯ ತಲೆಮಾರಿನವರಿಗೆ ಈ ಮಸಿ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೂ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕ್‌ಗಳು ಎರಡು ಸ್ಟ್ರೋಕ್‌ನವು. ಪೆಟ್ರೋಲ್ ಜತೆಗೆ ಆಯಿಲನ್ನೂ ಬೆರೆಸಿ ಸುಡುತ್ತಿದ್ದ ಆ ಎಂಜಿನ್‌ಗಳ ಸೈಲೆನ್ಸರ್ ಬಿಚ್ಚಿ, ಒಳಗಿನ ಕೊಳವೆಯನ್ನು ಬೆಂಕಿಗೆ ಹಿಡಿದು, ತಂತಿ ಬ್ರಷ್‌ನಿಂದ ಕೆರೆದು ಮಸಿ ಉದುರಿಸುವುದು ಮೆಕ್ಯಾನಿಕ್‌ಗಳ ನಿತ್ಯದ ಕೆಲಸವಾಗಿತ್ತು. ಅಂಬಾಸಿಡರ್, ಫಿಯೆಟ್ ಕಾಲದಲ್ಲಿ ಎಂಜಿನ್‌ನ ‘ಹೆಡ್’ ಬಿಚ್ಚಿ ವಾಲ್ವ್‌ಗಳನ್ನು ಉಜ್ಜಿ ಕೂರಿಸುವುದು ನಿಯತವಾಗಿ ಬರುತ್ತಿದ್ದ ಖರ್ಚು. ಅದು ಕಣ್ಣಿಗೆ ಕಾಣುವ ಕೆಲಸ. ಕೆರೆದ ಮಸಿ ನೆಲದ ಮೇಲೆ ಬಿದ್ದಿರುತ್ತಿತ್ತು, ಮಾಲೀಕ ನೋಡಿ ಹಣ ಕೊಡುತ್ತಿದ್ದ.

ಪೆಟ್ರೋಲ್ ಎಂಬುದು ನೂರಾರು ಬಗೆಯ ಹೈಡ್ರೊಕಾರ್ಬನ್‌ಗಳ ಮಿಶ್ರಣ. ಎಲ್ಲವೂ ಒಂದೇ ವೇಗದಲ್ಲಿ, ಒಂದೇ ಉಷ್ಣತೆಯಲ್ಲಿ ಆವಿಯಾಗುವುದಿಲ್ಲ. ಭಾರವಾದ ಅಂಶಗಳು ಬಿಸಿ ಲೋಹದ ಮೇಲೆ ಉಳಿದು, ಗಾಳಿಯೊಡನೆ ಬೆರೆತು, ಮೊದಲು ಅಂಟಾಗಿ, ಬಳಿಕ ಅರಗಿನಂತಾಗಿ, ಕೊನೆಗೆ ಗಟ್ಟಿ ಇದ್ದಲಿನ ಪದರವಾಗುತ್ತವೆ. ಇದು ಕಟ್ಟುವ ಜಾಗ ಮುಖ್ಯವಾಗಿ ಮೂರು. ಪೆಟ್ರೋಲನ್ನು ಚಿಮ್ಮಿಸುವ ಇಂಜೆಕ್ಟರ್‌ನ ಸೂಕ್ಷ್ಮ ರಂಧ್ರಗಳ ಬಾಯಿ ಒಂದು. ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವ್‌ನ ಬೆನ್ನು ಇನ್ನೊಂದು. ಪಿಸ್ಟನ್‌ನ ನೆತ್ತಿ ಹಾಗೂ ದಹನ ಕೋಣೆಯ ಗೋಡೆ ಮೂರನೆಯದು. ಈ ಮೂರನ್ನೂ ಒಂದೇ ಮದ್ದು ತಲುಪಲಾರದು ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಂಡರೆ ಮುಂದಿನ ವಾದ ಸುಲಭವಾಗುತ್ತದೆ.

ನಮ್ಮ ದೇಶದಲ್ಲಿ 2000ದ ಫೆಬ್ರವರಿಯಿಂದ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಅದೇ ಹೊತ್ತಿಗೆ ಕಾರುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್‌ಗಳು ಬಂದವು. ಗಂಧಕದ ಪ್ರಮಾಣವೂ ಇಳಿಯುತ್ತ ಬಂತು. 2017ರಲ್ಲಿ ದೇಶದಾದ್ಯಂತ ಜಾರಿಯಾದ ಬಿಎಸ್-4 ಇಂಧನದಲ್ಲಿ ಹತ್ತು ಲಕ್ಷಕ್ಕೆ 50 ಭಾಗ ಗಂಧಕವಿರಬಹುದಿತ್ತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6ರಲ್ಲಿ ಅದು 10 ಭಾಗ ಮಾತ್ರ. ಅಂದರೆ ಇಂಧನ ಹಿಂದೆಂದಿಗಿಂತ ಶುದ್ಧವಾಗಿದೆ. ಎಂಜಿನ್ ಹಿಂದೆಂದಿಗಿಂತ ನಿಖರವಾಗಿದೆ. ಹೀಗಿದ್ದೂ ಮಸಿ ತೊಳೆಯುವ ವ್ಯಾಪಾರ ಬೆಳೆಯುತ್ತಿದೆ ಎಂದಾದರೆ ಅದಕ್ಕೆ ತಕ್ಕ ಕಾರಣ ಇರಲೇಬೇಕು.

ಕಾರಣಗಳಲ್ಲಿ ಒಂದು ನಿಜಕ್ಕೂ ತಾಂತ್ರಿಕವಾದದ್ದು. ಸಾಮಾನ್ಯ ಎಂಜಿನ್‌ನಲ್ಲಿ ಪೆಟ್ರೋಲ್ ಚಿಮ್ಮುವುದು ಇನ್‌ಟೇಕ್ ವಾಲ್ವ್‌ನ ಬೆನ್ನ ಮೇಲೆ. ಪೆಟ್ರೋಲ್ ತಾನೇ ದ್ರಾವಕ. ಅದರಲ್ಲಿ ಒಳ್ಳೆಯ ಮಾರ್ಜಕ ಬೆರೆತಿದ್ದರೆ ವಾಲ್ವ್ ದಿನವೂ ಸ್ನಾನ ಮಾಡಿದಂತೆ. ಆದರೆ ಇತ್ತೀಚಿನ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ, ಅಂದರೆ ಫೋಕ್ಸ್‌ವ್ಯಾಗನ್-ಸ್ಕೋಡಾದ ಟಿಎಸ್‌ಐ, ಹುಂಡೈ-ಕಿಯಾದ ಟಿ-ಜಿಡಿಐ ಮೊದಲಾದ ಎಂಜಿನ್‌ಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರ್‌ನೊಳಕ್ಕೆ ಚಿಮ್ಮುತ್ತದೆ. ಇದರಿಂದ ಶಕ್ತಿ ಹೆಚ್ಚು, ಮಿತವ್ಯಯವೂ ಹೆಚ್ಚು. ಆದರೆ ವಾಲ್ವ್‌ನ ಬೆನ್ನಿಗೆ ಪೆಟ್ರೋಲ್ ತಗಲುವುದೇ ಇಲ್ಲ. ಎಂಜಿನ್‌ನ ತಳದಿಂದ ಮೇಲೆ ಬರುವ ಆಯಿಲ್ ಆವಿಯನ್ನು ಹೊರಗೆ ಬಿಡುವಂತಿಲ್ಲ, ಮಾಲಿನ್ಯ ನಿಯಮ ಅದನ್ನು ಮತ್ತೆ ಒಳಕ್ಕೇ ಎಳೆಸುತ್ತದೆ. ಆ ಆವಿ ಬಿಸಿ ವಾಲ್ವ್‌ಗೆ ತಾಗಿ ಅಂಟುತ್ತದೆ, ಸುಡುತ್ತದೆ, ಪದರ ಕಟ್ಟುತ್ತದೆ. ತೊಳೆಯುವವರು ಯಾರೂ ಇಲ್ಲ.

ಇದು ತಯಾರಕರಿಗೆ ಗೊತ್ತಿರದ ರೋಗವೇನಲ್ಲ. ಟೊಯೋಟಾ ಸಂಸ್ಥೆ ಎರಡು ದಶಕಗಳ ಹಿಂದೆಯೇ ಸಿಲಿಂಡರ್‌ನೊಳಗೆ ಒಂದು, ವಾಲ್ವ್‌ನ ಹಿಂದೆ ಒಂದು ಎಂಬಂತೆ ಎರಡೆರಡು ಇಂಜೆಕ್ಟರ್ ಇಟ್ಟ ಎಂಜಿನ್ ತಂದಿತು. ವಾಲ್ವ್ ತೊಳೆಯುವುದು ಅದರ ಏಕೈಕ ಉದ್ದೇಶವಲ್ಲದಿದ್ದರೂ ಆ ಲಾಭ ಸಿಕ್ಕಿತು. ಆದರೆ ಒಂದರ ಬದಲು ಎರಡು ಇಂಜೆಕ್ಟರ್ ಇಟ್ಟರೆ ಖರ್ಚು ಏರುತ್ತದೆ, ಅಗ್ಗದ ಕಾರಿಗೆ ಅದು ಬರುವುದು ಕಷ್ಟ.

<b>ಯಾವ ಮದ್ದು ಎಲ್ಲಿಗೆ ತಲುಪುತ್ತದೆ?</b>

ಈಗ ಮದ್ದುಗಳತ್ತ ನೋಡೋಣ. ಟ್ಯಾಂಕ್‌ಗೆ ಸುರಿಯುವ ಬಾಟಲಿಗಳಲ್ಲಿ ಕೆಲಸಕ್ಕೆ ಬರುವ ಮೂಲವಸ್ತು ಪಾಲಿಈಥರ್ ಅಮೈನ್ ಎಂಬ ಮಾರ್ಜಕ. ಇದರ ಅಣುವಿನ ಒಂದು ತುದಿ ಮಸಿಗೆ ಅಂಟುತ್ತದೆ, ಉದ್ದನೆಯ ಬಾಲ ಪೆಟ್ರೋಲ್‌ನಲ್ಲಿ ಕರಗುತ್ತದೆ. ಬಟ್ಟೆ ಸೋಪು ಕೊಳೆಯನ್ನು ಎತ್ತಿದಂತೆಯೇ ಇದೂ ಎತ್ತುತ್ತದೆ. ಇಂಜೆಕ್ಟರ್‌ನ ಬಾಯಿ ಕಟ್ಟಿದ್ದರೆ ಇದರಿಂದ ಉಪಯೋಗವಿದೆ. ಹಳೆಯ ಮಾದರಿಯ ಇಂಜೆಕ್ಷನ್ ಇರುವ ಕಾರಾದರೆ ವಾಲ್ವ್‌ಗೂ ತಲುಪುತ್ತದೆ. ಆದರೆ ನೇರ ಇಂಜೆಕ್ಷನ್ ಕಾರಿನ ವಾಲ್ವ್ ಮಸಿಗೆ ಟ್ಯಾಂಕ್‌ನಲ್ಲಿ ಏನನ್ನು ಸುರಿದರೂ ಪ್ರಯೋಜನವಿಲ್ಲ, ಏಕೆಂದರೆ ಆ ದಾರಿಯಲ್ಲಿ ಪೆಟ್ರೋಲ್ ಹೋಗುವುದೇ ಇಲ್ಲ. ತೋಟದ ಪೂರ್ವದ ಕಾಲುವೆಗೆ ನೀರು ಬಿಟ್ಟು ಪಶ್ಚಿಮದ ಗಿಡ ಚಿಗುರಲಿಲ್ಲವೆಂದು ಕಾದಂತೆ.

ಇನ್ನೊಂದು ವಿಧಾನ ಗಾಳಿಯ ದಾರಿಯಲ್ಲಿ ದ್ರಾವಕವನ್ನು ಸಿಂಪಡಿಸುವುದು. ಇದು ವಾಲ್ವ್‌ನ ಬೆನ್ನನ್ನು ತಲುಪುತ್ತದೆ. ಮೆತ್ತಗಿನ ಪದರ ಕರಗುತ್ತದೆ, ಗಟ್ಟಿಯಾದದ್ದು ಬಹುಪಾಲು ಉಳಿಯುತ್ತದೆ. ಕಳಚಿಕೊಂಡ ಹೆಕ್ಕಳೆಗಳು ಸಿಲಿಂಡರ್ ದಾಟಿ ಟರ್ಬೊ ಚಕ್ರಕ್ಕೆ ಬಡಿಯುವ ಅಪಾಯವೂ ಇದೆ. ಆದ್ದರಿಂದ ಟರ್ಬೊ ಕಾರಿನಲ್ಲಿ ತಯಾರಕರ ಸೂಚನೆ ನೋಡದೆ ಈ ಕೆಲಸಕ್ಕೆ ಕೈಹಾಕುವುದು ಜಾಣತನವಲ್ಲ.

ಜಲಜನಕದ ಯಂತ್ರದ ಕಥೆ ಸ್ವಲ್ಪ ಸ್ವಾರಸ್ಯವಾದದ್ದು. ನೀರನ್ನು ವಿದ್ಯುತ್ತಿನಿಂದ ಒಡೆದು ಬಂದ ಜಲಜನಕ ಮತ್ತು ಆಮ್ಲಜನಕವನ್ನು ಓಡುತ್ತಿರುವ ಎಂಜಿನ್‌ನ ಗಾಳಿದಾರಿಗೆ ಬಿಡುತ್ತಾರೆ. ಅದು ಮಸಿಯನ್ನು ಸುಟ್ಟು ಹಾಕುತ್ತದೆ ಎಂಬುದು ಮಾರಾಟಗಾರರ ಮಾತು. ಒಂದು ಕ್ಷಣ ಯೋಚಿಸಿ. ಜಲಜನಕ ಉರಿಯುವುದು ಎಲ್ಲಿ? ಸ್ಪಾರ್ಕ್ ಪ್ಲಗ್ ಇರುವ ದಹನ ಕೋಣೆಯಲ್ಲಿ. ವಾಲ್ವ್‌ನ ಬೆನ್ನಿರುವುದು ಆ ಕೋಣೆಯ ಹೊರಗೆ, ಅಲ್ಲಿ ಬೆಂಕಿ ಉರಿದರೆ ಅದನ್ನು ಎಂಜಿನ್‌ನ ದೋಷ ಎನ್ನುತ್ತಾರೆ. ಅಂದಮೇಲೆ ನೇರ ಇಂಜೆಕ್ಷನ್ ಕಾರಿನ ಮುಖ್ಯ ರೋಗಕ್ಕೆ ಈ ಚಿಕಿತ್ಸೆ ಹೇಗೆ ನಾಟೀತು ಎಂಬ ಸರಳ ಪ್ರಶ್ನೆಗೆ ಯಂತ್ರದ ಮೇಲಿನ ಮಿನುಗುವ ದೀಪಗಳಲ್ಲಿ ಉತ್ತರವಿಲ್ಲ. ಕೆಲಸ ಮುಗಿದ ಮೇಲೆ ಎಂಜಿನ್ ನಯವಾಗಿ ಓಡುತ್ತಿದೆ ಎಂದು ಗ್ರಾಹಕರು ಹೇಳುವುದುಂಟು. ಅದೇ ದಿನ ಆಯಿಲ್, ಏರ್ ಫಿಲ್ಟರ್, ಪ್ಲಗ್ ಎಲ್ಲವನ್ನೂ ಬದಲಿಸಿದ್ದರೆ ಶ್ರೇಯಸ್ಸು ಯಾರಿಗೆ ಸಲ್ಲಬೇಕು?

ಗಟ್ಟಿ ಮಸಿಗೆ ನಂಬಬಹುದಾದ ಮದ್ದು ಹಳೆಯದೇ, ಬಿಚ್ಚಿ ಕೆರೆಯುವುದು. ಇಂದು ಅದರ ಸುಧಾರಿತ ರೂಪವೆಂದರೆ ಅಕ್ರೋಟಿನ ಚಿಪ್ಪಿನ ಪುಡಿ. ಗಾಳಿ ಹೋಗುವ ಮ್ಯಾನಿಫೋಲ್ಡ್ ಕಳಚಿ, ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ ನಿಲ್ಲಿಸಿ, ಆ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಮಸಿ ಕಿತ್ತು, ಹೀರುಯಂತ್ರದಿಂದ ಎಲ್ಲವನ್ನೂ ಹೊರಗೆಳೆಯುತ್ತಾರೆ. ಚಿಪ್ಪು ಮಸಿಗಿಂತ ಗಟ್ಟಿ, ಲೋಹಕ್ಕಿಂತ ಮೃದು. ಆದ್ದರಿಂದ ವಾಲ್ವ್‌ಗೆ ಗೀರು ಬೀಳದು. ಇದಕ್ಕೆ ಸಮಯ ಬೇಕು, ಕೈಚಳಕ ಬೇಕು. ಹತ್ತು ಸಾವಿರ ಕಿಲೋಮೀಟರ್‌ಗೊಮ್ಮೆ ಮಾಡಿಸಬೇಕಾದ ಕೆಲಸವೂ ಇದಲ್ಲ. ಹೀಗಾಗಿ ದಿನಕ್ಕೆ ಹತ್ತಾರು ಕಾರು ಸಾಗಹಾಕುವ ಸರ್ವೀಸ್ ಸೆಂಟರ್‌ಗೆ ಬಾಟಲಿಯೇ ಅನುಕೂಲ. ಸುರಿಯಲು ಎರಡು ನಿಮಿಷ, ಬಿಲ್‌ನಲ್ಲಿ ಒಂದು ಸಾಲು.

<b>ತೊಳೆದರೂ ಹೋಗದ ಶೇ.6</b>

ಇನ್ನು ಎಥೆನಾಲ್‌ನ ವಿಚಾರ. 2018ರ ಜೈವಿಕ ಇಂಧನ ನೀತಿಯಲ್ಲಿ ಶೇ.20ರ ಗುರಿಗೆ 2030ರ ಗಡುವಿತ್ತು. 2021ರಲ್ಲಿ ಅದನ್ನು 2025ಕ್ಕೆ ಹಿಂದಕ್ಕೆ ತರಲಾಯಿತು. ಇ20 ಪೆಟ್ರೋಲ್‌ಗೆ ಪ್ರಧಾನಿ ನರೇಂದ್ರ ಮೋದಿ ಚಾಲನೆ ನೀಡಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಆಗ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕ್‌ಗಳಲ್ಲಿ ಮಾತ್ರ ಅದು ಸಿಗುತ್ತಿತ್ತು. ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಅದಲ್ಲದೆ ಬೇರೆ ಸಾಮಾನ್ಯ ಪೆಟ್ರೋಲ್ ಸಿಗದಂತಾಯಿತು. ಇ20ಕ್ಕೆ ಹೊಂದುವ ಬಿಡಿಭಾಗಗಳಿರುವ ವಾಹನಗಳು 2023ರ ಏಪ್ರಿಲ್‌ನಿಂದ, ಅದಕ್ಕೆಂದೇ ಶ್ರುತಿಗೊಳಿಸಿದ ಎಂಜಿನ್‌ಗಳು 2025ರ ಏಪ್ರಿಲ್‌ನಿಂದ ಬರಬೇಕೆಂಬುದು ಮೂಲ ಯೋಜನೆ. ಹಾಗಾದರೆ ಅದಕ್ಕೂ ಮೊದಲು ರಸ್ತೆಗಿಳಿದ ಕೋಟ್ಯಂತರ ವಾಹನಗಳ ಗತಿ?

ಗತಿ ಏನೆಂಬುದು ಸರ್ಕಾರದ ಕಡತದಲ್ಲೇ ಇದೆ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ನಲ್ಲಿರುವ ಶಕ್ತಿಯ ಸುಮಾರು ಮೂರರಲ್ಲಿ ಎರಡು ಪಾಲು. ಐದನೇ ಒಂದು ಭಾಗ ಎಥೆನಾಲ್ ಬೆರೆಸಿದರೆ ಒಟ್ಟು ಶಕ್ತಿಯಲ್ಲಿ ಶೇ.6ರಿಂದ 7ರಷ್ಟು ಇಳಿಕೆಯಾಗುವುದು ಶಾಲಾ ಮಟ್ಟದ ಗಣಿತ. ನೀತಿ ಆಯೋಗದ 2021ರ ವರದಿಯೂ ಹಳೆಯ ಮಾದರಿಯ ಕಾರುಗಳ ಮೈಲೇಜ್ ಶೇ.6ರಿಂದ 7ರಷ್ಟು, ದ್ವಿಚಕ್ರ ವಾಹನಗಳದು ಶೇ.3ರಿಂದ 4ರಷ್ಟು ಇಳಿಯಬಹುದೆಂದು ಅಂದಾಜಿಸಿತ್ತು. ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಇದನ್ನೇ ಹೊಸ ವಾಹನಗಳಿಗೆ ಶೇ.1ರಿಂದ 2, ಉಳಿದವಕ್ಕೆ ಶೇ.3ರಿಂದ 6 ಎಂದು ಹೇಳಿ, ‘ಅಲ್ಪ ಇಳಿಕೆ’ ಎಂದು ಕರೆಯಿತು.

ಅಲ್ಪವೇ? ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ, ಲೀಟರ್‌ಗೆ 15 ಕಿಲೋಮೀಟರ್ ಕೊಡುತ್ತಿದ್ದ ಕಾರನ್ನು ತೆಗೆದುಕೊಳ್ಳಿ. ಶೇ.6 ಇಳಿದರೆ ಅದು 14.1 ಆಗುತ್ತದೆ. ತಿಂಗಳಿಗೆ ಸುಮಾರು ನಾಲ್ಕೂಕಾಲು ಲೀಟರ್ ಹೆಚ್ಚು ಬೇಕು. ಲೀಟರ್‌ಗೆ 100 ರೂ. ಎಂದಿಟ್ಟುಕೊಂಡರೂ ವರ್ಷಕ್ಕೆ ಐದು ಸಾವಿರ ರೂಪಾಯಿ ದಾಟುತ್ತದೆ. ಇದರ ಮೇಲೆ, ಮೈಲೇಜ್ ಇಳಿದದ್ದು ಮಸಿಯಿಂದ ಎಂದು ನಂಬಿ ಎರಡು ಮೂರು ಸಾವಿರ ಕೊಟ್ಟು ತೊಳೆಸಿದರೆ ಅದು ಎರಡನೇ ದಂಡ. ಇಂಧನದಲ್ಲೇ ಇಲ್ಲದ ಶಕ್ತಿಯನ್ನು ಯಾವ ದ್ರಾವಣವೂ ಎಂಜಿನ್‌ನಿಂದ ಹೊರತೆಗೆಯಲಾರದು.

ಎಥೆನಾಲ್‌ನ ಪರವಾಗಿ ಹೇಳಬೇಕಾದದ್ದನ್ನೂ ಹೇಳದಿದ್ದರೆ ವಿಶ್ಲೇಷಣೆ ಏಕಪಕ್ಷೀಯವಾಗುತ್ತದೆ. ಅದರ ಅಣುವಿನಲ್ಲೇ ಆಮ್ಲಜನಕವಿದೆ, ಆದ್ದರಿಂದ ದಹನ ಹೆಚ್ಚು ಪೂರ್ಣವಾಗುತ್ತದೆ. ಆಕ್ಟೇನ್ ಹೆಚ್ಚು, ಎಂಜಿನ್ ‘ನಾಕ್’ ಹೊಡೆಯುವುದು ಕಡಿಮೆ. ಅಂದರೆ ‘ಇ20 ಹಾಕಿದ್ದರಿಂದಲೇ ಎಂಜಿನ್ ತುಂಬ ಕಾರ್ಬನ್ ಕಟ್ಟಿದೆ’ ಎಂಬ ಮಾತಿಗೆ ರಸಾಯನಶಾಸ್ತ್ರದ ಬೆಂಬಲವಿಲ್ಲ. ಹಳೆಯ ವಾಹನಗಳಲ್ಲಿ ಆಗುವ ತೊಂದರೆ ಬೇರೆ ಬಗೆಯದು. ಎಥೆನಾಲ್ ಒಳ್ಳೆಯ ದ್ರಾವಕ. ವರ್ಷಾನುಗಟ್ಟಲೆ ಟ್ಯಾಂಕ್ ಮತ್ತು ಕೊಳವೆಗಳ ಗೋಡೆಗೆ ಅಂಟಿದ್ದ ಅಂಟು, ಕಿಟ್ಟವನ್ನು ಅದು ಎಬ್ಬಿಸುತ್ತದೆ. ಎದ್ದದ್ದು ಹೋಗಿ ಫಿಲ್ಟರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಎಥೆನಾಲ್ ತೇವವನ್ನೂ ಹೀರುತ್ತದೆ. ವಾರಗಟ್ಟಲೆ ನಿಂತ ವಾಹನದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ಗಮನಿಸಬೇಕಾದ ಸಂಗತಿ. ಹಳೆಯ ರಬ್ಬರ್ ಕೊಳವೆ, ಸೀಲ್‌ಗಳು ಉಬ್ಬಿ ಬಿರುಕು ಬಿಡಬಹುದು. ಇಂಥ ಕಾರಿಗೆ ಬೇಕಾದದ್ದು ಹೊಸ ಫ್ಯೂಯೆಲ್ ಫಿಲ್ಟರ್ ಮತ್ತು ಹೊಸ ಕೊಳವೆ. ಅಲ್ಲಿ ‘ಡಿಕಾರ್ಬನೈಜಿಂಗ್’ ಪ್ಯಾಕೇಜ್ ಮಾರುವುದು ಹೊಟ್ಟೆನೋವಿಗೆ ಕಣ್ಣಿನ ಹನಿ ಹಾಕಿದಂತೆ.

ಎಥೆನಾಲ್‌ನಲ್ಲಿ ನಮಗಿಂತ ಬಹಳ ಮುಂದಿರುವ ಬ್ರೆಜಿಲ್‌ನಲ್ಲಿ ಬಂಕ್‌ಗಳು ಎಥೆನಾಲನ್ನು ಪ್ರತ್ಯೇಕವಾಗಿಯೂ ಮಾರುತ್ತವೆ. 2003ರಿಂದ ಅಲ್ಲಿ ಎರಡನ್ನೂ ಬಳಸಬಲ್ಲ ಕಾರುಗಳಿವೆ. ಎಥೆನಾಲ್‌ನ ದರ ಪೆಟ್ರೋಲ್‌ನ ದರದ ಶೇ.70ಕ್ಕಿಂತ ಕೆಳಗಿದ್ದರೆ ಎಥೆನಾಲ್ ಲಾಭ, ಮೇಲಿದ್ದರೆ ಪೆಟ್ರೋಲ್ ಲಾಭ ಎಂಬ ಲೆಕ್ಕ ಅಲ್ಲಿನ ಚಾಲಕರಿಗೆ ಬಾಯಿಪಾಠ. ಶಕ್ತಿ ಕಡಿಮೆ ಇದ್ದರೆ ಬೆಲೆಯೂ ಕಡಿಮೆ ಇರಬೇಕೆಂಬುದು ಅಲ್ಲಿ ಮಾರುಕಟ್ಟೆಯ ಸಹಜ ಧರ್ಮ. ನಮ್ಮಲ್ಲಿ ಅಂಥ ಫಲಕವೂ ಇಲ್ಲ, ಆಯ್ಕೆಯೂ ಇಲ್ಲ. ತೈಲ ಕಂಪನಿಗಳು 2024-25ರ ಸಾಲಿನಲ್ಲಿ ಎಥೆನಾಲ್ ಕೊಂಡ ಸರಾಸರಿ ದರ, ಸಾಗಣೆ ಮತ್ತು ತೆರಿಗೆ ಸೇರಿ, ಲೀಟರ್‌ಗೆ 71.32 ರೂ. ಎಂದು ಸಚಿವಾಲಯ ಹೇಳಿದೆ. ತೆರಿಗೆಗೆ ಮುನ್ನ ಪೆಟ್ರೋಲ್ ಬೀಳುವ ದರಕ್ಕಿಂತ ಇದೇ ಹೆಚ್ಚು, ಆದ್ದರಿಂದ ಬೆಲೆ ಇಳಿಸಲಾಗದು ಎಂಬುದು ಅದರ ಸಮರ್ಥನೆ. ಲೆಕ್ಕ ಸರಿ ಇರಬಹುದು. ಆದರೆ ಶಕ್ತಿ ಕಡಿಮೆ ಇರುವ ವಸ್ತುವನ್ನು ಹೆಚ್ಚು ಬೆಲೆಗೆ ಕೊಂಡು ಬೆರೆಸುವ ನಿರ್ಧಾರ ರಾಷ್ಟ್ರೀಯ ನೀತಿ. ಅದರ ಖರ್ಚು ಮಾತ್ರ ಬಂಕ್‌ನ ಮುಂದೆ ನಿಂತ ಖಾಸಗಿ ವ್ಯಕ್ತಿಯದು.

ಈ ನೀತಿಯಿಂದ ಕಬ್ಬು ಬೆಳೆಗಾರನಿಗೆ ಲಾಭವಾಗಿದ್ದರೆ ನಗರದ ವಾಹನ ಮಾಲೀಕ ಐದು ಸಾವಿರವನ್ನು ತುಸು ಸಮಾಧಾನದಿಂದ ಕೊಟ್ಟಾನು. ಉತ್ತರ ಪ್ರದೇಶ, ಮಹಾರಾಷ್ಟ್ರದ ನಂತರ ಸಕ್ಕರೆ ಉತ್ಪಾದನೆಯಲ್ಲಿ ಕರ್ನಾಟಕದ್ದೇ ಸ್ಥಾನ. ಆದರೆ 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಟನ್‌ಗೆ 3,500 ರೂ. ಬೇಕೆಂದು ರೈತರು ರಸ್ತೆಯಲ್ಲಿ ಕೂತರು. 3,300 ರೂ.ಗೆ ರಾಜ್ಯ ಸರ್ಕಾರ ಸಂಧಾನ ಮಾಡಿಸಬೇಕಾಯಿತು. ರಾಜ್ಯದ ಡಿಸ್ಟಿಲರಿಗಳಿಗೆ ಕೇಂದ್ರ ಕೊಟ್ಟಿರುವ ಎಥೆನಾಲ್ ಪಾಲು ಸಾಲದೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದದ್ದೂ ಆಗಲೇ. ಬಂಕ್‌ನಲ್ಲಿ ಕೊಡುವವನೂ ಗೊಣಗುತ್ತಿದ್ದಾನೆ, ಗದ್ದೆಯಲ್ಲಿ ಪಡೆಯಬೇಕಾದವನೂ ಗೊಣಗುತ್ತಿದ್ದಾನೆ. ನಡುವೆ ಎಲ್ಲಿ ಸೋರುತ್ತಿದೆ ಎಂಬುದು ಬೇರೆಯೇ ಲೇಖನಕ್ಕೆ ವಸ್ತು.

<b>ಊರೂ ಒಂದು ಕಾರಣ</b>

ಮಸಿಯ ಮಾತಿಗೆ ಮರಳೋಣ. ಮಸಿ ಹೆಚ್ಚು ಕಟ್ಟುವುದು ಎಂಜಿನ್ ಸರಿಯಾಗಿ ಬಿಸಿಯಾಗದೆ, ನಿಂತು ನಿಂತು, ಆಮೆನಡಿಗೆಯಲ್ಲಿ ಸಾಗುವಾಗ. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದಂತೆ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ ಹಿಡಿಯಿತು. ಮನೆಯಿಂದ ಮೆಟ್ರೋ ನಿಲ್ದಾಣಕ್ಕೆ, ಅಲ್ಲಿಂದ ಶಾಲೆಗೆ ಎಂದು ಎರಡೆರಡು ಕಿಲೋಮೀಟರ್ ಓಡುವ ಕಾರಿನ ಎಂಜಿನ್‌ಗೆ ಮೈ ಕಾಯುವ ಅವಕಾಶವೇ ಸಿಗದು. ಬಿಎಸ್-6 ಡೀಸೆಲ್ ಕಾರುಗಳ ಪಾಡು ಇನ್ನೂ ಕಷ್ಟ. ಅವುಗಳ ಹೊಗೆಕೊಳವೆಯಲ್ಲಿರುವ ಕಣಶೋಧಕದಲ್ಲಿ ಸಿಕ್ಕಿದ ಮಸಿ ತಾನಾಗಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿದರೆ ಅದು ಸಿಗುತ್ತದೆ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಗುವುದಿಲ್ಲ. ವಾರಕ್ಕೊಮ್ಮೆ ತುಮಕೂರು ರಸ್ತೆಯಲ್ಲೋ ಮೈಸೂರು ಹೆದ್ದಾರಿಯಲ್ಲೋ ಒಂದು ಸುತ್ತು ಹೋಗಿ ಬಂದರೆ ಹಲವು ಬಾಟಲಿಗಳ ಕೆಲಸವಾಗುತ್ತದೆ ಎಂದು ಅನುಭವಿ ಮೆಕ್ಯಾನಿಕ್‌ಗಳು ಹೇಳುವುದರಲ್ಲಿ ಅರ್ಥವಿದೆ.

ಕಲಬೆರಕೆಯನ್ನೂ ಮರೆಯುವಂತಿಲ್ಲ. ಪೆಟ್ರೋಲ್ 210 ಡಿಗ್ರಿಯೊಳಗೆ ಪೂರ್ತಿ ಆವಿಯಾಗಬೇಕು. ಸೀಮೆಎಣ್ಣೆಗೆ 300 ಡಿಗ್ರಿಯ ಆಸುಪಾಸಿನವರೆಗೂ ಶಾಖ ಬೇಕು. ಆವಿಯಾಗದೆ ಉಳಿದದ್ದೇ ಮಸಿ. ಈ ಕಲಬೆರಕೆಯನ್ನು ಪ್ರಶ್ನಿಸಿ ಪ್ರಾಣ ತೆತ್ತವನು ನಮ್ಮ ನಾಡಿನ ಹುಡುಗ. ಕೋಲಾರದ ಕೆಜಿಎಫ್‌ನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಆಡಳಿತ ಕಲಿತು, ಇಂಡಿಯನ್ ಆಯಿಲ್‌ನಲ್ಲಿ ಅಧಿಕಾರಿಯಾಗಿದ್ದ ಮಂಜುನಾಥ್ ಷಣ್ಮುಗಂ, ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಬಂಕ್ ಒಂದಕ್ಕೆ ಬೀಗ ಹಾಕಿಸಿದ್ದರು. 2005ರ ನವೆಂಬರ್ 19ರ ರಾತ್ರಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು. ಅವರಿಗಾಗ ವಯಸ್ಸು 27. ಎಂಜಿನ್‌ನೊಳಗಿನ ಮಸಿ ಮನೆವಾರ್ತೆಯ ಸಣ್ಣ ತಲೆನೋವು ಎಂದುಕೊಳ್ಳುವವರು ಈ ಹೆಸರನ್ನು ಒಮ್ಮೆ ನೆನೆಯಬೇಕು. ಬಂಕ್‌ನಲ್ಲಿ ಫಿಲ್ಟರ್ ಪೇಪರ್ ಮೇಲೆ ಒಂದು ಹನಿ ಪೆಟ್ರೋಲ್ ಹಾಕಿ ಕಲೆ ಉಳಿಯುತ್ತದೆಯೇ ನೋಡುವುದು, ಸಾಂದ್ರತೆ ಅಳೆಯಿಸುವುದು, ಐದು ಲೀಟರ್ ಅಳತೆ ಪಾತ್ರೆಯಲ್ಲಿ ತೋರಿಸಲು ಕೇಳುವುದು ಗ್ರಾಹಕನ ಹಕ್ಕು. ಎಷ್ಟು ಜನ ಕೇಳುತ್ತೇವೆ?

ಸರ್ಕಾರ ಮಾಡಬಹುದಾದ ಸುಲಭದ ಕೆಲಸವೊಂದಿದೆ. ಅಮೆರಿಕದಲ್ಲಿ 1995ರಿಂದ ಮಾರಾಟವಾಗುವ ಎಲ್ಲ ಪೆಟ್ರೋಲ್‌ನಲ್ಲೂ ಕನಿಷ್ಠ ಪ್ರಮಾಣದ ಮಾರ್ಜಕ ಕಡ್ಡಾಯ. ಅದೂ ಸಾಲದೆಂದು 2004ರಲ್ಲಿ ಬಿಎಂಡಬ್ಲ್ಯು, ಜನರಲ್ ಮೋಟಾರ್ಸ್, ಹೋಂಡಾ, ಟೊಯೋಟಾ ಸೇರಿ ‘ಟಾಪ್ ಟಿಯರ್’ ಎಂಬ ಮೇಲ್ಮಟ್ಟದ ಮಾನದಂಡ ರೂಪಿಸಿದವು. ಅಲ್ಲಿನ ವಾಹನ ಮಾಲೀಕರ ಸಂಘಟನೆ ಎಎಎ 2016ರಲ್ಲಿ ಪರೀಕ್ಷಿಸಿದಾಗ, ಸುಮಾರು 6,400 ಕಿಲೋಮೀಟರ್‌ಗೆ ಸಮನಾದ ಓಟದ ಬಳಿಕ, ಆ ಮಾನದಂಡದ ಪೆಟ್ರೋಲ್ ಬಳಸಿದ ಎಂಜಿನ್‌ನ ವಾಲ್ವ್‌ಗಳಲ್ಲಿ ಉಳಿದವಕ್ಕಿಂತ 19 ಪಟ್ಟು ಕಡಿಮೆ ಮಸಿ ಕಂಡಿತು. ನಮ್ಮಲ್ಲಿ ಮಾರ್ಜಕದ ಮಾತು ಕೇಳಿಬರುವುದು ಹೆಚ್ಚು ಬೆಲೆಯ ಬ್ರ್ಯಾಂಡ್ ಪೆಟ್ರೋಲ್‌ಗಳ ಜಾಹೀರಾತಿನಲ್ಲಿ. ಸಾಮಾನ್ಯ ಪೆಟ್ರೋಲ್‌ನಲ್ಲಿ ಯಾವ ಮಾರ್ಜಕ, ಎಷ್ಟು ಇದೆ ಎಂದು ಬಂಕ್‌ನ ಯಾವ ಫಲಕವೂ ಹೇಳುವುದಿಲ್ಲ. ಸಾಂದ್ರತೆಯನ್ನು ಬರೆದು ತೋರಿಸುವ ಬಂಕ್ ಇದನ್ನೂ ಬರೆಯಲಿ ಎಂದು ಕೇಳುವುದು ಅತಿಯಾಸೆ ಏನಲ್ಲ. ಬೆಂಗಳೂರೊಂದರಲ್ಲೇ ನೋಂದಾಯಿತ ವಾಹನಗಳ ಸಂಖ್ಯೆ ಕೋಟಿ ದಾಟಿರುವಾಗ, ಡಿಪೊದಲ್ಲಿ ಒಮ್ಮೆ ಬೆರೆಸಿದರೆ ಮುಗಿಯುವ ಕೆಲಸವನ್ನು ಒಬ್ಬೊಬ್ಬರೂ ಬಾಟಲಿ ಕೊಂಡು ಮಾಡಿಕೊಳ್ಳಬೇಕೆಂಬುದು ಎಂಥ ಅರ್ಥಶಾಸ್ತ್ರ?

ಸರ್ವೀಸ್ ಸೆಂಟರ್‌ನ ಮಟ್ಟಿಗೆ ಕಾನೂನು ಇಲ್ಲದಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, ಸೇವೆಯ ಗುಣಮಟ್ಟ ಅಥವಾ ಪ್ರಯೋಜನದ ಬಗ್ಗೆ ಸುಳ್ಳು ಹೇಳಿ ಮಾರುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ. 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂ.ವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಎರಡು ಸಾವಿರದ ಬಿಲ್‌ಗಾಗಿ ಆಯೋಗದ ಮೆಟ್ಟಿಲು ಹತ್ತುವ ಬಿಡುವು ಯಾರಿಗಿದೆ? ಮಾರುವವರ ಧೈರ್ಯವೂ ಅದೇ. ಹಾಗಾಗಿ ಕೆಲಸ ನಡೆಯುವ ಮೊದಲೇ ಎಚ್ಚರವಾಗುವುದು ಲೇಸು. ಕಾರಿನ ಜತೆ ಕೊಟ್ಟ ಕೈಪಿಡಿಯ ಸರ್ವೀಸ್ ಪಟ್ಟಿಯಲ್ಲಿ ಈ ‘ಕ್ಲೀನಿಂಗ್’ ಇದೆಯೇ ಎಂದು ನೋಡಿ. ಇಲ್ಲದಿದ್ದರೆ, ಯಾವ ಲಕ್ಷಣ ಕಂಡು ಇದನ್ನು ಬರೆದಿರಿ ಎಂದು ಕೇಳುವ ಹಕ್ಕು ನಿಮಗಿದೆ. ಕಾರ್ಬನ್ ಕಟ್ಟಿದ ಎಂಜಿನ್ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ನಡುಗುತ್ತದೆ, ಐಡ್ಲಿಂಗ್ ಏರಿಳಿಯುತ್ತದೆ, ಎಂಜಿನ್ ದೀಪ ಹೊತ್ತಿ ಮಿಸ್‌ಫೈರ್ ಕೋಡ್ ಬೀಳುತ್ತದೆ. ಇವೊಂದೂ ಇಲ್ಲದೆ ಮೈಲೇಜ್ ಮಾತ್ರ ಒಂದು ಒಂದೂವರೆ ಕಿಲೋಮೀಟರ್ ಇಳಿದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬಂಕ್‌ನ ಇಂಧನ, ಟೈರ್‌ನ ಗಾಳಿ ಮತ್ತು ರಸ್ತೆಯ ಜಾಮ್.

ಅಗ್ಗದ್ದರಿಂದ ಆರಂಭಿಸುವುದು ಜೆ.ಸಿ. ರಸ್ತೆಯ ಹಳಬರ ಪದ್ಧತಿ. ಟೈರ್ ಗಾಳಿ, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಥ್ರಾಟಲ್ ಬಾಡಿಯ ಧೂಳು, ಹಳೆಯ ಕಾರಾದರೆ ಫ್ಯೂಯೆಲ್ ಫಿಲ್ಟರ್. ಇಷ್ಟು ಮುಗಿದ ಮೇಲೂ ನಡುಕ ನಿಲ್ಲದಿದ್ದರೆ ಪ್ಲಗ್‌ನ ತೂತಿನಿಂದಲೋ ಗಾಳಿದಾರಿಯಿಂದಲೋ ಒಳಗಿಳಿಸುವ ಬೋರೊಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಈಗ ಒಳ್ಳೆಯ ಗ್ಯಾರೇಜ್‌ಗಳಲ್ಲಿದೆ. ತೊಳೆಯುವ ಮೊದಲಿನ ಚಿತ್ರ ಮತ್ತು ತೊಳೆದ ನಂತರದ ಚಿತ್ರ, ಎರಡನ್ನೂ ಮೊಬೈಲ್‌ಗೆ ಕಳಿಸುವಂತೆ ಎಸ್ಟಿಮೇಟ್ ಹಾಳೆಯ ಮೇಲೇ ಬರೆಸಿ, ಆಮೇಲೆ ಸಹಿ ಹಾಕಿ.